ಬ್ಯಾಡಗಿಯವನ ಗಾಲಿಗಳು

ನಮ್ಮ ತಂಡದ ಹೊಸ ಸ್ಕೇಟ್‌ಬೋರ್ಡ್ ವಿಡಿಯೋವನ್ನು ನಾನು ಮೊದಲ ಸಲ ನೋಡಿದ್ದು ರಾಣೆಬೆನ್ನೂರಿನಲ್ಲಿ, ನಾನು ಕೆಲಸ ಮಾಡುವ ಬೀಜದ ಕಂಪನಿಯ ಊಟದ ಬಿಡುವಿನಲ್ಲಿ. ಮೊಳಕೆ ಪರೀಕ್ಷೆ ಮಾಡುವ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತೊಡೆಯ ಮೇಲೆ ಬುತ್ತಿ ಬಿಚ್ಚಿಟ್ಟುಕೊಂಡಿದ್ದೆ. ಹನ್ನೊಂದು ನಿಮಿಷದ ವಿಡಿಯೋ. ಒಂಬತ್ತನೇ ನಿಮಿಷಕ್ಕೆ ಹಿಡಿದ ರೊಟ್ಟಿಯ ತುತ್ತು ವಿಡಿಯೋ ಮುಗಿಯುವವರೆಗೂ ಕೈಯಲ್ಲೇ ಉಳಿಯಿತು. ಯಾಕೆ ಎಂದು ಹೇಳುವ ಮೊದಲು ಸ್ವಲ್ಪ ಹಿಂದಿನದು ಹೇಳಬೇಕು.

ಸ್ಕೇಟ್‌ಬೋರ್ಡ್ ಎಂದರೇನು ಎಂದು ನಮ್ಮ ಕಡೆ ಅರ್ಧ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಪಕ್ಕದವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಒಬ್ಬ ಕಂಡಕ್ಟರ್ ಕೇಳಿದ್ದ: “ಅಲ್ರೀ, ಕುಂದ್ರೂ ಮಣಿಗೆ ಗಾಲಿ ಯಾಕ ಹಚ್ಚೀರಿ?” ನಾನು ಮೂವತ್ತು ದಾಟಿದವನು, ಮೀಸೆ ಬಿಟ್ಟವನು. ಇಂಥವನು ಆಟದ ಸಾಮಾನು ಹಿಡಿದು ತಿರುಗುವುದನ್ನು ಕಂಡರೆ ಜನ ನಗದೆ ಇರುತ್ತಾರೆಯೇ? ನಗಲಿ ಎಂದು ಬಿಟ್ಟುಬಿಟ್ಟಿದ್ದೇನೆ.

ಶುರುವಿನಲ್ಲಿ ನಾವು ಮೂವರೇ. ಹಾವೇರಿಯಲ್ಲಿ ಒಬ್ಬ, ಬ್ಯಾಡಗಿಯಲ್ಲಿ ಒಬ್ಬ, ರಾಣೆಬೆನ್ನೂರಿನಲ್ಲಿ ನಾನು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು, ಈಗಲೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಮೂರೂ ಊರುಗಳಲ್ಲಿ ಬೋರ್ಡಿನ ಒಂದು ಅಂಗಡಿಯೂ ಇಲ್ಲ. ಗಾಲಿ ಸವೆದರೂ ಬೇರಿಂಗ್ ಒಡೆದರೂ ಹೊಸದು ಕೊರಿಯರಿನಲ್ಲಿ ಬರುವವರೆಗೆ ಕಾಯಬೇಕು. ಹಾಗಾಗಿ ನಮ್ಮಲ್ಲೊಂದು ರೂಢಿ ಬೆಳೆಯಿತು. ಒಬ್ಬನ ಗಾಲಿ ಕೈಕೊಟ್ಟರೆ ಇನ್ನೊಬ್ಬ ತನ್ನ ಗಾಲಿ ಬಿಚ್ಚಿ ಕೊಡಬೇಕು, ಮುಂದಿನ ವಾರ ವಾಪಸ್ ಪಡೆಯಬೇಕು. ಕೇಳುವಂತಿಲ್ಲ, ಇಲ್ಲ ಎನ್ನುವಂತಿಲ್ಲ.

ಮೂವರಲ್ಲಿ ನಿಜವಾದ ಆಟಗಾರ ಬ್ಯಾಡಗಿಯವನೇ. ನಾನು ಅಭಿಮಾನಿ ಜಾತಿ. ಬಿದ್ದೂ ಎದ್ದೂ ನಾಲ್ಕು ಜಿಗಿತ ಕಲಿತದ್ದು ಬಿಟ್ಟರೆ ನನ್ನ ಆಯುಷ್ಯ ಹೋದದ್ದು ಊರೂರಿನ ತಂಡಗಳ ವಿಡಿಯೋ ನೋಡುವುದರಲ್ಲಿ. ತಂಡದ ವಿಡಿಯೋ ಎಂದರೆ ಒಬ್ಬೊಬ್ಬನಿಗೂ ಒಂದೆರಡು ನಿಮಿಷದ ಪಾಲು. ಎಲ್ಲರಿಗಿಂತ ದೊಡ್ಡವನಿಗೆ ಕಡೆಯ ಪಾಲು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಗೌರವ ಈ ಆಟದಲ್ಲಿಲ್ಲ. ವಿಡಿಯೋಗಳ ವಿಷಯದಲ್ಲಿ ನನ್ನದು ಸ್ವಲ್ಪ ಮೊಂಡು ಸ್ವಭಾವ. ಜಿಗಿದದ್ದನ್ನು ನಿಧಾನ ಮಾಡಿ ತೋರಿಸಿದರೆ ನನಗೆ ಆಗುವುದಿಲ್ಲ. ಮೇಲೆ ಹಾಡು ಹಾಕಿದರಂತೂ ಮೈ ಉರಿಯುತ್ತದೆ. ಗಾಲಿ ನೆಲದ ಮೇಲೆ ಉರುಳುವ ಸದ್ದು, ಹಲಗೆಯ ತುದಿ ನೆಲಕ್ಕೆ ಬಡಿದ ಸದ್ದು, ಆಮೇಲೆ ಗಾಳಿಯಲ್ಲಿರುವಷ್ಟು ಹೊತ್ತಿನ ಮೌನ, ಮತ್ತೆ ಗಾಲಿ. ಇಷ್ಟು ಕೇಳಿಸಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಜಿಗಿದವನು ಬಿದ್ದನೋ ನಿಂತನೋ ಹೇಳಬಲ್ಲೆ.

ಬ್ಯಾಡಗಿಯವನ ಸದ್ದನ್ನಂತೂ ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದೆ. ಅವನು ಕಲಿತದ್ದು ಮೆಣಸಿನಕಾಯಿ ಮಾರುಕಟ್ಟೆಯ ಅಂಗಳದಲ್ಲಿ. ಮಾರಾಟದ ಟೆಂಡರ್ ಇಲ್ಲದ ದಿನ ಅಲ್ಲಿ ಆಳೂ ಇರುವುದಿಲ್ಲ, ಚೀಲವೂ ಇರುವುದಿಲ್ಲ. ನುಣ್ಣನೆಯ ಕಾಂಕ್ರೀಟು, ಮೇಲೆ ತಗಡಿನ ಮಾಡು. ಆದರೆ ಎಷ್ಟು ಗುಡಿಸಿದರೂ ನೆಲದ ಮೇಲೆ ಕೆಂಪು ಧೂಳು ಇದ್ದೇ ಇರುತ್ತದೆ. ಒಂದು ಸುತ್ತು ಹೊಡೆದರೆ ಸೀನು, ಎರಡು ಸುತ್ತಿಗೆ ಕೆಮ್ಮು, ಕಣ್ಣು ಉಜ್ಜಿಕೊಂಡರೆ ಮುಗಿಯಿತು ಕತೆ. ಧೂಳಿನ ಜೊತೆ ಮೆಣಸಿನ ಬೀಜವೂ ಬೇರಿಂಗಿನೊಳಗೆ ಸೇರಿಕೊಳ್ಳುತ್ತದೆ. ನಾವೆಲ್ಲ ವಾರಕ್ಕೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆವು. ಅವನು ಮೂರು ಗಾಲಿ ತೊಳೆದು ಹಿಂದಿನ ಎಡಗಾಲಿಯನ್ನು ಹಾಗೆಯೇ ಬಿಡುತ್ತಿದ್ದ. ಅದು ಉರುಳುವಾಗ ‘ಕಿರ್ರ್’ ಎಂದು ಎಳೆದು, ನಡುನಡುವೆ ‘ಟಕ್’ ಎನ್ನುತ್ತಿತ್ತು. ಯಾಕಪ್ಪಾ ಹೀಗೆ ಎಂದು ಕೇಳಿದಾಗ ನಕ್ಕಿದ್ದ.

“ಅದು ನಮ್ಮಮ್ಮಗ. ಓಣ್ಯಾಗ ಈ ಸಪ್ಪಳ ಕೇಳಿದ ಕೂಡ್ಲೇ ಒಲಿ ಮ್ಯಾಲ ಹಂಚ ಇಡ್ತಾಳ. ನಾ ಕೈಕಾಲ ತೊಳಕೊಳ್ಳೂದ್ರಾಗ ಬಿಸಿ ರೊಟ್ಟಿ ತಯಾರ್. ಇದನ್ನ ತೊಳದ್ರ ಅಷ್ಟ, ತಣ್ಣಂದ ತಿನ್ಬೇಕ.”

ಅವನ ಅಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುವವರು. ನಾವು ಹೋದಾಗಲೆಲ್ಲ ನಮಗೂ ರೊಟ್ಟಿ ಇರುತ್ತಿತ್ತು. ಮಗ ಹಲಗೆಯ ಮೇಲೆ ನಿಂತು ಏನು ಮಾಡುತ್ತಾನೆ ಎಂದು ಅವರು ಒಂದು ದಿನವೂ ಬಂದು ನೋಡಿದವರಲ್ಲ. ನೋಡಿದರೆ ಜೀವ ಹೋಗುತ್ತದೆ ಎನ್ನುತ್ತಿದ್ದರು. ಅವರಿಗೆ ಮಗನ ಆಟ ಗೊತ್ತಿದ್ದದ್ದು ಸದ್ದಿನಿಂದ ಮಾತ್ರ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಾರುಕಟ್ಟೆಯಲ್ಲಿ ಆಡುವಾಗ ನನ್ನ ಬೇರಿಂಗ್ ಒಡೆಯಿತು. ಅವನು ಅಲ್ಲೇ ಕೂತು ತನ್ನ ನಾಲ್ಕೂ ಗಾಲಿ ಬಿಚ್ಚಿ ನನ್ನ ಬೋರ್ಡಿಗೆ ಹಾಕಿಕೊಟ್ಟ. “ಮುಂದಿನ ವಾರ ತಗೊಂಬಾ” ಎಂದ. ಗಾಲಿಯಿಲ್ಲದ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದುಕೊಂಡು ಹೋದ. ಮುಂದಿನ ವಾರ ಬರುವಷ್ಟರಲ್ಲಿ ಅವನಿರಲಿಲ್ಲ. ಬುಧವಾರ ಜ್ವರ ಬಂತು, ಶುಕ್ರವಾರ ಹುಬ್ಬಳ್ಳಿಗೆ ಒಯ್ದರು, ಶನಿವಾರ ಮಣ್ಣು ಮಾಡಿದೆವು.

ಗಾಲಿಗಳನ್ನು ಕೊಡಬೇಕಿತ್ತು. ಮಣ್ಣಾದ ದಿನ ಆ ಮಾತು ಎತ್ತಲು ಬಾಯಿ ಬರಲಿಲ್ಲ. ನಲವತ್ತನೆಯ ದಿನ ಹೋದಾಗ ಗಾಲಿ ಚೀಲದಲ್ಲೇ ಇದ್ದವು, ಮನೆ ತುಂಬ ಜನ ಇದ್ದರು, ಚೀಲ ತೆರೆಯಲಿಲ್ಲ. ಆಮೇಲೆ ಎಷ್ಟು ತಡವಾಯಿತೋ ಅಷ್ಟು ಕೊಡುವುದು ಕಷ್ಟವಾಯಿತು. ನಾನು ತರಿಸಿದ ಹೊಸ ಗಾಲಿಗಳು ಬಂದು ತಿಂಗಳಾದರೂ ಪೊಟ್ಟಣ ಬಿಚ್ಚಲಿಲ್ಲ. ಅವನ ಗಾಲಿಗಳ ಮೇಲೆಯೇ ಆಡುತ್ತಿದ್ದೆ. ಆ ಹಿಂದಿನ ಎಡಗಾಲಿಯನ್ನು ನಾನೂ ತೊಳೆಯಲಿಲ್ಲ. ಅಂಥ ಬೇರಿಂಗು ಎರಡು ವರ್ಷ ಬಾಳುವುದಿಲ್ಲ, ಎರಡು ತಿಂಗಳಲ್ಲಿ ಹಿಡಿದುಕೊಂಡು ತಿರುಗದಂತಾಗಬೇಕು. ಇದು ಹಿಡಿದುಕೊಳ್ಳಲಿಲ್ಲ. ಇದನ್ನು ನೆನೆದಾಗ ನನಗೆ ಹೆದರಿಕೆಯಾಗುತ್ತಿತ್ತು, ಬಿಚ್ಚಿ ತೆಗೆಯಲು ಇನ್ನೂ ಹೆದರಿಕೆಯಾಗುತ್ತಿತ್ತು.

ಭಾನುವಾರ ಬ್ಯಾಡಗಿಗೆ ಹೋಗುವುದು ಮಾತ್ರ ಬಿಡಲಿಲ್ಲ. ಬಸ್ಸಿಳಿದು ಮಾರುಕಟ್ಟೆಗೆ ಹೋಗಲು ನುಣ್ಣನೆಯ ರಸ್ತೆ ಒಂದೇ, ಅದು ಅವನ ಓಣಿಯ ಕಾಂಕ್ರೀಟು ರಸ್ತೆ. ಮನೆ ಹತ್ತಿರ ಬಂದ ಕೂಡಲೇ ತಲೆ ತಗ್ಗಿಸಿ, ಮೂರು ಸಲ ಜೋರಾಗಿ ಕಾಲು ನೂಕಿ, ಯಾರೂ ಕರೆಯುವ ಮೊದಲೇ ತಿರುವು ದಾಟಿಬಿಡುತ್ತಿದ್ದೆ. ಹಾವೇರಿಯವನು ಕೇಳಿದರೆ “ಅಮ್ಮನ ಕಡೆ ಹೋಗಿ ಬಂದೆ, ಆರಾಮದಾರ” ಎಂದು ಸುಳ್ಳು ಹೇಳುತ್ತಿದ್ದೆ. ನಾಚಿಕೆಗೇಡಿನ ಕೆಲಸ, ಬೇರೆ ಹೆಸರಿಲ್ಲ ಅದಕ್ಕೆ.

ಮಾರುಕಟ್ಟೆಯಲ್ಲಿ ಒಬ್ಬನೇ ಆಡುವಾಗ ಆಗಾಗ ಹಿಂತಿರುಗಿ ನೋಡುತ್ತಿದ್ದೆ. ತಗಡಿನ ಮಾಡಿನ ಕೆಳಗೆ ಸದ್ದು ಗೋಡೆಗೆ ಬಡಿದು ಮರಳಿ ಬರುತ್ತದೆ, ನಾನು ನಿಂತ ಮೇಲೂ ಒಂದು ಕ್ಷಣ ಎಲ್ಲೋ ‘ಕಿರ್ರ್, ಟಕ್’ ಎನ್ನುತ್ತದೆ. ಒಂದು ಮಧ್ಯಾಹ್ನ ಕೆಂಪು ಧೂಳಿನಲ್ಲಿ ನನ್ನ ಗಾಲಿಯ ಗುರುತಿನ ಪಕ್ಕದಲ್ಲೇ ಇನ್ನೊಂದು ಗಾಲಿಯ ಗುರುತು ಕಂಡು ಮೈ ಜುಮ್ಮೆಂದಿತು. ನಾನೇ ಎರಡು ಸಲ ಅಲ್ಲಿ ಹಾದಿದ್ದೆ ಎಂದು ನೆನಪಾಗಲು ಬಹಳ ಹೊತ್ತು ಹಿಡಿಯಿತು. ಆ ದಿನ ಬೇಗ ಬಸ್ಸು ಹತ್ತಿದೆ.

ಇಷ್ಟರಲ್ಲಿ ಹಾವೇರಿಯವನು ಸುಮ್ಮನೆ ಕೂತಿರಲಿಲ್ಲ. ಹೊಸಬರನ್ನು ಕಟ್ಟಿಕೊಂಡು ತಂಡವನ್ನು ಆರು ಜನಕ್ಕೆ ಬೆಳೆಸಿದ್ದ. ಒಂದು ವರ್ಷ ತಿರುಗಿ ಚಿತ್ರೀಕರಣ ಮಾಡಿ ಈ ವಿಡಿಯೋ ಕೂಡಿಸಿದ. ಹಾಡಿಲ್ಲ, ನಿಧಾನ ಚಲನೆ ಇಲ್ಲ, ಆ ಮಟ್ಟಿಗೆ ನನ್ನ ಮಾತು ಕೇಳಿದ್ದಾನೆ. ಮೇಡ್ಲೇರಿಯ ಕಾಲುವೆಯ ಒಣ ಇಳಿಜಾರಿನಲ್ಲಿ ತೆಗೆದ ಭಾಗ ಚೆನ್ನಾಗಿದೆ. ಕರ್ಜಗಿಯಿಂದ ಬೈಕಿನಲ್ಲಿ ಬರುವ ಹುಡುಗಿಯೊಬ್ಬಳು ಹಾವೇರಿಯ ಒಂದು ಕಚೇರಿಯ ಮೆಟ್ಟಿಲುಗಳನ್ನು ಹಾರಿ ಬಿದ್ದು, ಎದ್ದು ಮತ್ತೆ ಹಾರಿ ನಿಂತದ್ದನ್ನು ಕತ್ತರಿಸದೆ ಇಟ್ಟಿದ್ದಾನೆ. ಅದನ್ನು ನೋಡಿ ನಾನು ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಏಳನೇ ನಿಮಿಷಕ್ಕೆ ನನ್ನ ಪಾಲು ಬಂತು, ಮಾರುಕಟ್ಟೆಯ ಅಂಗಳದಲ್ಲಿ. ಹೊಟ್ಟೆ ಮುಂದೆ ಬಂದದ್ದು ಕಂಡು ಬೇಸರವಾಯಿತು.

ಒಂಬತ್ತನೇ ನಿಮಿಷಕ್ಕೆ ತೆರೆ ಕಪ್ಪಾಯಿತು. ಆಮೇಲೆ ಬ್ಯಾಡಗಿಯವನು ಬಂದ. ಕಡೆಯ ಪಾಲು ಅವನದು. ನಾವು ಮೂವರೇ ಇದ್ದಾಗ ಮೊಬೈಲಿನಲ್ಲಿ ತೆಗೆದ ಹಳೆಯ ತುಣುಕುಗಳು, ಅದೇ ಅಂಗಳ, ಅದೇ ನೀಲಿ ಅಂಗಿ. ಅವನು ನನ್ನ ಕಡೆಗೇ ಬರುತ್ತಿದ್ದ. ಆದರೆ ತುತ್ತು ಕೈಯಲ್ಲೇ ಉಳಿದದ್ದು ಅವನನ್ನು ಕಂಡದ್ದಕ್ಕಲ್ಲ. ಅವನ ಕಾಲ ಕೆಳಗಿನಿಂದ ಬರುತ್ತಿದ್ದ ಸದ್ದು ಅವನದಾಗಿರಲಿಲ್ಲ. ತೊಳೆದ ನಾಲ್ಕು ಗಾಲಿಗಳ ನುಣುಪು ಸದ್ದು. ಬಾಯಿ ಬಿಟ್ಟು ಬೇರೆಯವರ ದನಿಯಲ್ಲಿ ಮಾತಾಡಿದ ಹಾಗೆ. ವಿಡಿಯೋ ಹಿಂದಕ್ಕೆ ಸರಿಸಿ ನನ್ನ ಪಾಲು ಕೇಳಿದೆ. ನನ್ನ ಕಾಲ ಕೆಳಗೆ ‘ಕಿರ್ರ್, ಟಕ್’ ಎಂದು ಅವನು ಸ್ಪಷ್ಟವಾಗಿದ್ದ. ಸತ್ತವನು ಬದುಕಿದವರ ಸದ್ದಿನಲ್ಲಿ, ಬದುಕಿದ ನಾನು ಸತ್ತವನ ಸದ್ದಿನಲ್ಲಿ ಉರುಳುತ್ತಿದ್ದೆವು.

ಹಾವೇರಿಯವನಿಗೆ ಫೋನ್ ಮಾಡಿದೆ.

“ಅವನ ಕ್ಲಿಪ್ಪಿನಾಗ ಗಾಳಿ ಬಿಟ್ರ ಏನೂ ಕೇಳ್ತಿರಲಿಲ್ಲಪಾ,” ಎಂದ. “ಅದನ್ನ ತಗದು ನನ್ನ ಬೋರ್ಡಿನ ಸೌಂಡ್ ಹಚ್ಚೇನಿ. ಗೊತ್ತಾತೇನ? ಯಾರಿಗೂ ಗೊತ್ತಾಗೂದಿಲ್ಲ ಅಂತ ಮಾಡಿದ್ದೆ.”

“ನನಗ ಗೊತ್ತಾತು.”

“ನಿನ್ನ ಕಿವಿ ಬಿಡು, ನಾಯಿ ಕಿವಿ. ಕೇಳ್ ಇಲ್ಲೆ. ಕಡೀ ಪಾಲು ಯಾರದೈತಿ ಅವರು ಮೊದಲ ನೋಡಿ ಹೂಂ ಅನ್ನಬೇಕು, ಆಮ್ಯಾಲ ಊರಿಗೆ ತೋರಸೂದು. ನಮ್ಮ ಪದ್ಧತಿ ಅದ. ಅವ ಇಲ್ಲ, ಅವರಮ್ಮ ನೋಡ್ಲಿ. ಹೆಂಗೂ ನೀ ವಾರಾ ಹೋಗ್ತೀಯಲ್ಲ, ಈ ವಾರ ತೋರ್ಸಿ ಬಾ.”

ಇಲ್ಲ ಎನ್ನಲು ನನಗೆ ಮುಖ ಎಲ್ಲಿತ್ತು?

ಆ ಭಾನುವಾರ ಬಸ್ಸಿಳಿದು ಬೋರ್ಡು ಹತ್ತಲಿಲ್ಲ. ಇವತ್ತು ಗಾಲಿ ಕೊಟ್ಟೇ ಬಿಡಬೇಕು ಎಂದು ಅದನ್ನು ಚೀಲದಲ್ಲಿ ಹಾಕಿ ಹೆಗಲಿಗೆ ಏರಿಸಿಕೊಂಡು ನಡೆದೆ. ಬಾಗಿಲು ತೆರೆದೇ ಇತ್ತು. ಅವನ ಅಮ್ಮ ನಡುಮನೆಯಲ್ಲಿ ಕೆಂಪು ಕಾಯಿಗಳ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತದ್ದು ಕಂಡು ಬೆಚ್ಚಿಬಿದ್ದು ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿದರು.

“ಯಾ ಅಲ್ಲಾ! ನೀನಾ ಬೇಟಾ?” ಎದೆ ಹಿಡಿದುಕೊಂಡು ಸುಧಾರಿಸಿಕೊಂಡರು. “ಹಿಂಗ ಸಪ್ಪಳಿಲ್ಲದ ಬಂದ ನಿಂದರಬ್ಯಾಡೋ. ಕಡೀ ಆಯ್ತವಾರ ಅವನೂ ಹಿಂಗ ಬಂದ ನಿಂತಿದ್ದ. ಗಾಲಿ ಇಲ್ಲ, ಸಪ್ಪಳಿಲ್ಲ. ಹಂಚ ಇಟ್ಟಿರಲಿಲ್ಲ ನಾನು. ತಣ್ಣನ ರೊಟ್ಟಿ ತಿಂದ. ಅದ ಕಡೀಗಾತು.”

ಆ ತಣ್ಣನೆಯ ರೊಟ್ಟಿಗೆ ಕಾರಣ ನನ್ನ ಹೆಗಲ ಮೇಲೆ ಇತ್ತು. ಆಗಲೇ ಹೇಳಬಹುದಿತ್ತು. ಹೇಳದೆ, ಪಕ್ಕದಲ್ಲಿ ಕೂತು ಫೋನ್ ತೆಗೆದೆ.

“ಅಮ್ಮಾ, ನಮ್ಮ ವಿಡಿಯೋ ಆಗೇತ್ರಿ. ಕಡೀಕ ಅವ ಅದಾನ. ನೀವು ಒಂದ್ ಸಲ ನೋಡಿ ಹೂಂ ಅಂದ್ರ…”

ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಸರಿದರು. ಸದ್ದು ಪೂರ್ತಿ ಏರಿಸಿ ಫೋನನ್ನು ಅಲ್ಲಿದ್ದ ಡಬ್ಬಿಗೆ ಒರಗಿಸಿಟ್ಟೆ. ಕರ್ಜಗಿಯ ಹುಡುಗಿ ಬಿದ್ದಾಗ “ಅಯ್ಯಯ್ಯ, ಇಕಿ ಅವ್ವಗ ಗೊತ್ತೈತೇನು?” ಎಂದರು. ಕೈ ಅಭ್ಯಾಸದಿಂದ ಮತ್ತೆ ತೊಟ್ಟು ಬಿಡಿಸತೊಡಗಿತ್ತು. ನಾನು ಸ್ವಲ್ಪ ಹಗುರಾದೆ. ನನ್ನ ಪಾಲು ಶುರುವಾಯಿತು.

ಅವರ ಕೈ ನಿಂತಿತು. ತಲೆ ಎತ್ತಿದರು. ನೋಡಿದ್ದು ಫೋನಿನ ಕಡೆಗಲ್ಲ, ಬಾಗಿಲ ಕಡೆಗೆ.

“ಬಂದ,” ಎಂದರು.

ಅಷ್ಟು ಸಹಜವಾಗಿ ಹೇಳಿದರು ಎಂದರೆ ನಾನೂ ಬಾಗಿಲ ಕಡೆ ನೋಡಿದೆ. ಹೊರಗೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವರು ಮೊಣಕಾಲ ಮೇಲೆ ಕೈಯೂರಿ ಏಳಲು ಹೊರಟರು. ನನ್ನ ಬೆರಳು ತಾನಾಗಿ ಹೋಗಿ ವಿಡಿಯೋ ನಿಲ್ಲಿಸಿತು. ಅರ್ಧ ಎದ್ದವರು ಹಾಗೆಯೇ ನಿಂತು ಕಿವಿಗೊಟ್ಟು, ಮತ್ತೆ ಕೂತರು.

“ಹೋದ. ಹಿಂಗ ಮಾಡ್ತಾನ ನೋಡು. ಆಯ್ತವಾರ ಬಂತಂದ್ರ ಬರ್ತಾನ, ಬಾಗಲ ಮುಂದ ಬಂದ ಕೂಡ್ಲೇ ಇನ್ನೂ ಜೋರ್ ಓಡಸ್ಕೊಂಡ ಹೋಗ್ತಾನ. ನನ್ನ ಮೊಳಕಾಲ ಎದ್ದು ಹೊರಗ ಹೋಗೂದ್ರಾಗ ಓಣಿ ಖಾಲಿ. ಯಾರಿಗೂ ಹೇಳಿಲ್ಲ ನಾನು. ಹೇಳಿದ್ರ ಗಂಡನ ಮನಿಂದ ಮಗಳು ಬಂದು ತಾಯತ ಕಟ್ಟಿಸ್ತಾಳ.” ದನಿ ತಗ್ಗಿಸಿ ಸೇರಿಸಿದರು: “ಹಂಚ ಮಾತ್ರ ಇಡ್ತೀನಿ.”

ಮೂಲೆಯ ಒಲೆಯ ಪಕ್ಕದಲ್ಲಿ, ಬಟ್ಟೆ ಮುಚ್ಚಿದ ಬುಟ್ಟಿ ಇತ್ತು. ಎರಡು ವರ್ಷ, ವಾರ ತಪ್ಪದೆ, ಈ ಮನೆಯ ಮುಂದೆ ಸತ್ತ ಮಗನನ್ನು ಓಡಾಡಿಸಿದವನು ನಾನು. ಮಾರುಕಟ್ಟೆಯಲ್ಲಿ ನನ್ನ ಬೆನ್ನ ಹಿಂದೆ ಯಾರೋ ಇದ್ದಾರೆ ಎಂದು ಹೆದರಿದ್ದೆ. ಇಲ್ಲಿ ಆ ಯಾರೋ ನಾನೇ ಆಗಿದ್ದೆ.

“ಮುಂದ ಹಚ್ಚು,” ಎಂದರು. ಹಚ್ಚಿದೆ, ನನ್ನ ಪಾಲನ್ನು ದಾಟಿಸಿ.

ಮಗ ತೆರೆಯ ಮೇಲೆ ಬಂದ. ಅವರು ಬೆರಳಿನಿಂದ ಗಾಜನ್ನು ಮುಟ್ಟಿದರು, ಅವನು ಹಾರಿದಾಗ ಉಸಿರು ಬಿಗಿಹಿಡಿದರು, ನಿಂತಾಗ ಬಿಟ್ಟರು. ಎರಡು ನಿಮಿಷ ಪೂರ್ತಿ ನೋಡಿದರು. ಕಣ್ಣು ತುಂಬಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು.

“ಮಾರಿ ಅವಂದ, ಅಂಗಿ ಅವಂದ. ಸಪ್ಪಳ ಅವಂದಲ್ಲ ಬೇಟಾ. ಇವ ನಮ್ಮ ಓಣ್ಯಾಗ ಬರವ ಅಲ್ಲ.”

ಹಾವೇರಿಯವನ ಮೇಲೆ ತಪ್ಪು ಹೊರಿಸಿ, ಸದ್ದು ಸರಿ ಮಾಡಿಸುತ್ತೇನೆ ಎಂದು ಹೇಳಿ ಎದ್ದು ಬರಬಹುದಿತ್ತು. ಮುಂದಿನ ಭಾನುವಾರದಿಂದ ಬ್ಯಾಡಗಿಗೇ ಬರದೆ ಇರಬಹುದಿತ್ತು. ಇಲ್ಲವೇ ಬರುತ್ತಲೇ ಇರಬಹುದಿತ್ತು, ಅವರು ಹಂಚು ಇಡುತ್ತಲೇ ಇರುತ್ತಿದ್ದರು. ನಿಜ ಹೇಳಿದರೆ ಮಗನನ್ನು ಎರಡನೆಯ ಸಲ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಆ ತಾಯಿಯನ್ನು ಬದುಕಿರುವವರೆಗೂ ಬಾಗಿಲು ಕಾಯಿಸಿದ ಹಾಗೆ. ಅವರೇ ಬುಟ್ಟಿ ಎಳೆದುಕೊಂಡು “ಹಸದಿ ಏನು? ತಗೊ, ಅವಂಗ ಹಾಕಿದ್ವು ಅದಾವ” ಎಂದರು.

ಆ ರೊಟ್ಟಿ ನನ್ನಿಂದ ತಿನ್ನಲಾಗಲಿಲ್ಲ. ಚೀಲದಿಂದ ಬೋರ್ಡು ತೆಗೆದು ಅವರ ಮುಂದೆ ಬೋರಲು ಇಟ್ಟೆ. ಹಿಂದಿನ ಎಡಗಾಲಿಯನ್ನು ಕೈಯಿಂದ ತಿರುಗಿಸಿದೆ.

ಕಿರ್ರ್. ಟಕ್. ಕಿರ್ರ್. ಟಕ್.

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಗಾಲಿಯ ಕಡೆ.

“ಅವಂದ ಗಾಲಿ ಅಮ್ಮಾ,” ಎಂದೆ. “ಆ ಆಯ್ತವಾರ ನನಗ ಬಿಚ್ಚಿ ಕೊಟ್ಟಿದ್ದ. ಅದಕ್ಕ ಸಪ್ಪಳಿಲ್ಲದ ಮನಿಗೆ ಬಂದ. ನಾ ತಿರುಗಿ ಕೊಡಲೇ ಇಲ್ರಿ. ಈ ಗಾಲಿ ಹಾಕ್ಕೊಂಡು ವಾರಾ ಈ ಓಣ್ಯಾಗ ಹಾದು ಹೋಗ್ತಿದ್ದೆ. ನಿಮಗ ಮಾರಿ ತೋರ್ಸಾಕ ನಾಚಿಕಿ ಆಗಿ ಜೋರ್ ಓಡಸ್ತಿದ್ದೆ. ತಪ್ಪಾತ್ರಿ.”

ಅವರು ಅಂಗೈಯನ್ನು ಗಾಲಿಯ ಮೇಲಿಟ್ಟರು. ಸದ್ದು ನಿಂತಿತು. ಮೆಣಸಿನಕಾಯಿಯ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಘಾಟಿಗಷ್ಟೇ ಅಲ್ಲ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅಂದ್ರ ಅವ ಬಂದೇ ಇಲ್ಲ,” ಎಂದರು.

“ಇಲ್ಲಮ್ಮಾ. ನಾನ ಬರ್ತಿದ್ದೆ.”

ಬಹಳ ಹೊತ್ತು ಗಾಲಿಯ ಮೇಲಿನ ಕೈ ತೆಗೆಯಲಿಲ್ಲ. ಅದರ ಅಂಚಿಗೆ ಅಂಟಿದ್ದ ಕೆಂಪು ಧೂಳನ್ನು ಹೆಬ್ಬೆರಳಿನಿಂದ, ಮಗುವಿನ ಮುಖ ಒರೆಸುವ ಹಾಗೆ, ಒರೆಸಿದರು.

“ಎರಡ ವರ್ಷ ನಾ ಅವನ ಮ್ಯಾಲ ಸಿಟ್ಟ ಇಟ್ಕೊಂಡಿದ್ದೆ ಬೇಟಾ,” ಎಂದರು. “ಇಷ್ಟ ದೂರ ಬರ್ತಾನ, ಅಮ್ಮನ ಬಾಗಲಾಗ ಒಂದ್ ಗಳಿಗಿ ನಿಂದರೂದಿಲ್ಲಲ್ಲ ಅಂತ. ಸುಮ್‌ಸುಮ್ಮನ ಅವನ್ನ ಬೈದೆ ನಾನು.”